ಕಿರುಪಥದ ಸಾರಥಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಹಂತಿ ಕಟ್ಟಿ ಜೋಳ ತುಳಿಸಿದ ಹಿರಿಯರು ಒಂದು ಸಂಗತಿಯನ್ನು ಬಲ್ಲರು. ಮೇಟಿಯ ಪಕ್ಕದ ಎತ್ತು ಸಣ್ಣ ಹೆಜ್ಜೆಯಿಟ್ಟರೆ ಸಾಕು. ಹೊರಬದಿಯ ಎತ್ತು ಬಿರುಸಾಗಿ ನಡೆಯಲೇಬೇಕು. ಸುತ್ತು ಒಂದೇ ಆದರೂ ಸವೆಸುವ ದಾರಿ ಬೇರೆ.

ಅಮೆರಿಕದ ಕಿರುಪಥದ ಕಾರು ಪಂದ್ಯಕ್ಕೂ ಈ ನಿಯಮವೇ ಆಧಾರ. ಅಲ್ಲಿನ ಮೊಟ್ಟೆಯಾಕಾರದ ಪಥದ ಒಂದು ಸುತ್ತು ಒಂದು ಮೈಲಿಗಿಂತ ಕಡಿಮೆ. ಕಾರುಗಳು ಸದಾ ಎಡಕ್ಕೇ ತಿರುಗುವುದರಿಂದ ಬಲಗಡೆಯ ಹಿಂದಿನ ಗಾಲಿಗೆ ತುಸು ದೊಡ್ಡ ಸುತ್ತಳತೆಯ ಟೈರನ್ನು ತೊಡಿಸುತ್ತಾರೆ. ಇಂಥ ಪಥಗಳಲ್ಲಿ ಓಡುವ 'ಮಾಡಿಫೈಡ್' ಕಾರಿಗೆ ಮುಂದಿನ ಗಾಲಿಗಳ ಮೇಲೆ ಹೊದಿಕೆಯೇ ಇರುವುದಿಲ್ಲ. ಸಾಮಾನ್ಯ ಕಾರನ್ನು ಕತ್ತರಿಸಿ, ಬಲವಾದ ಎಂಜಿನ್ ಕೂಡಿಸಿ ಓಡಿಸುವುದರಿಂದ ಈ ಬಗೆ ಹುಟ್ಟಿತು.

ಈ ಪಂದ್ಯದಲ್ಲಿ ಹೆಸರಾದ ಜೆರ್ರಿ ಕುಕ್ 1943ರಲ್ಲಿ ಜನಿಸಿದನು. ಆತನ ಊರು ರೋಮ್. ಇಟಲಿಯದಲ್ಲ, ನ್ಯೂಯಾರ್ಕ್ ರಾಜ್ಯದ ಒಂದು ಪುಟ್ಟ ಪಟ್ಟಣ. ಆ ಕಾಲದಲ್ಲಿ ಹಲವು ಊರುಗಳ ಪಂದ್ಯಗಳಲ್ಲಿ ಗಳಿಸಿದ ಅಂಕಗಳನ್ನು ಕೂಡಿಸಿ ವರ್ಷದ ವಿಜೇತನನ್ನು ನಿರ್ಣಯಿಸುತ್ತಿದ್ದರು. ಆದುದರಿಂದ ಇಂದು ಒಂದೂರು, ನಾಳೆ ಮತ್ತೊಂದೂರು ಎಂದು ಕಾರನ್ನು ಹೊತ್ತು ಅಲೆಯಬೇಕಾಗಿತ್ತು. ಕುಕ್ ಓಡಿದ 1,474 ಪಂದ್ಯಗಳಲ್ಲಿ ಗೆದ್ದವು 342. ಉಳಿದವುಗಳಲ್ಲಿ ಕಾರನ್ನು ಕೆಡಿಸಿಕೊಳ್ಳದೆ ಕೊನೆಮುಟ್ಟಿಸುವುದರಲ್ಲಿಯೇ ಆತನ ಜಾಣ್ಮೆಯಿತ್ತು. 1971, 1972ರಲ್ಲಿಯೂ, 1974ರಿಂದ 1977ರವರೆಗೂ, ಹೀಗೆ ಆರು ಸಲ ಆತ ಚಾಂಪಿಯನ್ ಆದನು.

ನಡುವಿನ 1973ರ ಪಟ್ಟವನ್ನು ಕಸಿದುಕೊಂಡವನು ಅದೇ ಪಟ್ಟಣದ ರಿಚೀ ಇವಾನ್ಸ್. ಕಿತ್ತಳೆ ಬಣ್ಣದ ಕಾರಿನ ಈ ಸಾಹಸಿ ನೋಡುಗರ ಕಣ್ಮಣಿಯಾಗಿದ್ದನು. ಲೆಕ್ಕ ಹಾಕಿ ಓಡುವವನಿಗೆ ಚಪ್ಪಾಳೆ ಕಡಿಮೆಯೇ. 1978ರಿಂದ ಪಟ್ಟವೆಲ್ಲ ಇವಾನ್ಸ್‌ನದಾಯಿತು. 1982ರಲ್ಲಿ ಕುಕ್ ಚಾಲಕವೃತ್ತಿಯಿಂದ ನಿವೃತ್ತನಾದನು.

ಆದರೆ ಪಂದ್ಯವನ್ನು ಆತ ತೊರೆಯಲಿಲ್ಲ. ಅಂಕಗಳಿಗಾಗಿ ಊರೂರು ಅಲೆಯುವುದರ ಕಷ್ಟವನ್ನು ಆತನಿಗಿಂತ ಚೆನ್ನಾಗಿ ಅರಿತವರಾರು? 1985ರಲ್ಲಿ ನ್ಯಾಸ್ಕಾರ್ ಸಂಸ್ಥೆ ನಿಗದಿತ ಪಂದ್ಯಗಳ ಹೊಸ ಸರಣಿಯನ್ನು ಆರಂಭಿಸಿತು. ಅದನ್ನು ರೂಪಿಸಿ ನಡೆಸುವ ಹೊಣೆ ಕುಕ್‌ಗೆ ಬಂದಿತು. ಹಳೆಯ ಎದುರಾಳಿಗೆ ಈಗ ಆತನೇ ನಿಯಮ ಹೇಳುವವನಾದನು. ಆ ವರ್ಷವೂ ಇವಾನ್ಸ್‌ನೇ ಗೆದ್ದನು. ಅದು ಆತನ ಒಂಬತ್ತನೆಯ ಪಟ್ಟ. ಗೆಲುವು ಖಚಿತವಾದ ಮೇಲೆ, ಅಕ್ಟೋಬರ್ 24ರಂದು ವರ್ಜೀನಿಯದ ಮಾರ್ಟಿನ್ಸ್‌ವಿಲ್ ಪಥದಲ್ಲಿ ಅಭ್ಯಾಸ ಮಾಡುತ್ತಿರುವಾಗ ಆತನ ಕಾರು ಗೋಡೆಗೆ ಅಪ್ಪಳಿಸಿತು. ಇವಾನ್ಸ್ ಬದುಕುಳಿಯಲಿಲ್ಲ. ಹೊಸ ಸರಣಿಯ ಮೊದಲ ಪಟ್ಟವನ್ನು ಸ್ವೀಕರಿಸಲು ಚಾಂಪಿಯನ್ನನೇ ಇರಲಿಲ್ಲ.

ಕುಕ್ ಮುಂದೆಯೂ ಆ ಸರಣಿಯನ್ನು ನಡೆಸಿದನು. ನ್ಯಾಸ್ಕಾರ್‌ನ ಕೀರ್ತಿಮಂದಿರಕ್ಕೆ ಇವಾನ್ಸ್‌ನ ಹೆಸರು ಸೇರಿದ್ದು 2012ರಲ್ಲಿ, ಕುಕ್‌ನದು 2016ರಲ್ಲಿ.