ಮಗಳ ಕಾರಿನ ಇನ್ಶೂರೆನ್ಸ್‌ನಲ್ಲಿ ಅಪ್ಪನ ಹೆಸರು

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕೆಲಸದಲ್ಲಿದ್ದಾಳೆ. ವಯಸ್ಸು 24. ಅಲ್ಲಿನ ಡ್ರೈವಿಂಗ್ ಟೆಸ್ಟ್ ಈಗಷ್ಟೇ ಪಾಸು ಮಾಡಿ, ಹಳೆಯದೊಂದು ಸಣ್ಣ ಕಾರು ತೆಗೆದುಕೊಂಡಿದ್ದಾಳೆ. ಇನ್ಶೂರೆನ್ಸ್ ಕಂತು ಕೇಳಿ ನಮಗೆ ತಲೆ ತಿರುಗಿತು. ‘ಅಪ್ಪಾ, ನಿಮ್ಮನ್ನೂ ಡ್ರೈವರ್ ಅಂತ ಸೇರಿಸಿದ್ರೆ ಕಡಿಮೆ ಆಗುತ್ತಂತೆ, ಡಿಎಲ್ ಫೋಟೊ ಕಳಿಸಿ’ ಅನ್ನುತ್ತಾಳೆ. ನನಗೀಗ 58. ಇರುವುದು ಶಿವಮೊಗ್ಗದಲ್ಲಿ. ಆ ಕಾರನ್ನು ಕಣ್ಣಿಂದ ನೋಡಿಯೂ ಇಲ್ಲ. ನನ್ನ ಹೆಸರಿಂದ ಅವಳ ಕಂತು ಇಳಿಯುವುದು ಹೇಗೆ? ಇದರಲ್ಲಿ ತಪ್ಪೇನಾದರೂ ಇದೆಯೇ?

ಉತ್ತರ: ಫೋಟೊ ಸದ್ಯಕ್ಕೆ ಕಳಿಸಬೇಡಿ. ನಿಮ್ಮ ಮಗಳು ಕೇಳಿಸಿಕೊಂಡದ್ದು ಸುಳ್ಳಲ್ಲ. ಆದರೆ ಅದು ಅಲ್ಲೇ ನೆಲೆಸಿ, ಮಕ್ಕಳ ಕಾರನ್ನು ಆಗಾಗ ತಾವೂ ಓಡಿಸುವ ಅಪ್ಪ ಅಮ್ಮಂದಿರ ವಿಷಯ.

ನಿಮಗೆ ಇದು ವಿಚಿತ್ರ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮಲ್ಲಿ ಇನ್ಶೂರೆನ್ಸ್ ಮಾಡಿಸುವುದು ಗಾಡಿಗೆ. ಥರ್ಡ್ ಪಾರ್ಟಿ ಕಂತನ್ನು ಸರ್ಕಾರವೇ ಎಂಜಿನ್ನಿನ ಸಿಸಿ ನೋಡಿ ನಿಗದಿ ಮಾಡುತ್ತದೆ. 2022ರ ಜೂನ್‌ನಲ್ಲಿ ಜಾರಿಯಾದ ದರದಂತೆ, 1000 ಸಿಸಿಯೊಳಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1500 ಸಿಸಿವರೆಗೆ 3,416 ರೂಪಾಯಿ. ಓಡಿಸುವವರಿಗೆ 19 ಆಗಿರಲಿ, 60 ಆಗಿರಲಿ, ಅದೇ ದರ. ಮಾಲೀಕರ ಒಪ್ಪಿಗೆ ಇದ್ದು, ಚಾಲ್ತಿಯಲ್ಲಿರುವ ಡಿಎಲ್ ಇದ್ದರೆ ಯಾರು ಓಡಿಸಿದರೂ ಸಾಮಾನ್ಯವಾಗಿ ಪಾಲಿಸಿ ನಡೆಯುತ್ತದೆ. ಭಾವಮೈದ ಬಂದು ‘ಕೀ ಕೊಡಿ, ಸಾಗರಕ್ಕೆ ಹೋಗಿಬರ್ತೀನಿ’ ಅಂದರೆ ಕೊಟ್ಟುಬಿಡುತ್ತೇವೆ. ಇನ್ಶೂರೆನ್ಸ್ ಕಾಗದ ನೆನಪಿಗೂ ಬರುವುದಿಲ್ಲ.

ಬ್ರಿಟನ್ನಿನಲ್ಲಿ ಹಾಗೆ ಕೀ ಕೊಡುವಂತಿಲ್ಲ. ಅಲ್ಲಿ ಪಾಲಿಸಿಯಲ್ಲಿ ಯಾರ ಹೆಸರಿದೆಯೋ ಸಾಮಾನ್ಯವಾಗಿ ಅವರು ಮಾತ್ರ ಓಡಿಸಬಹುದು. ಕಾರನ್ನು ಹೆಚ್ಚಾಗಿ ಓಡಿಸುವವರು ‘ಮೇನ್ ಡ್ರೈವರ್’, ಆಗೊಮ್ಮೆ ಈಗೊಮ್ಮೆ ಓಡಿಸುವವರು ‘ನೇಮ್ಡ್ ಡ್ರೈವರ್’. ದರವನ್ನು ಸರ್ಕಾರ ಕಟ್ಟುವುದಿಲ್ಲ, ಕಂಪನಿಗಳೇ ಲೆಕ್ಕ ಹಾಕುತ್ತವೆ. ಆನ್‌ಲೈನ್‌ನಲ್ಲಿ ದರ ಕೇಳಲು ಕೂತರೆ ಅರ್ಜಿ ಮುಗಿಯುವುದೇ ಇಲ್ಲ. ಲೈಸೆನ್ಸ್ ಯಾವ ದೇಶದ್ದು, ಎಷ್ಟು ವರ್ಷದ್ದು, ಕೆಲಸ ಏನು, ವರ್ಷಕ್ಕೆ ಎಷ್ಟು ಮೈಲಿ, ರಾತ್ರಿ ಕಾರು ಬೀದಿಯಲ್ಲೋ ಗ್ಯಾರೇಜಿನಲ್ಲೋ, ಐದು ವರ್ಷದೊಳಗೆ ಅಪಘಾತ, ದಂಡ ಏನಾದರೂ ಇದೆಯೋ. ಹೆಸರು ಸೇರಿಸಿದ ಪ್ರತಿಯೊಬ್ಬರಿಗೂ ಇವುಗಳಲ್ಲಿ ಬಹುಪಾಲು ಮತ್ತೆ ಕೇಳುತ್ತಾರೆ.

ಹೊಸ ಲೈಸೆನ್ಸಿನ ಹುಡುಗ ಹುಡುಗಿಯರಿಂದ ಅಪಘಾತ ಜಾಸ್ತಿ ಅನ್ನುವುದು ಕಂಪನಿಗಳ ಅನುಭವ. ಅದೇ ಕಾರಿಗೆ ಇಪ್ಪತ್ತೈದು ವರ್ಷ ಕ್ಲೇಮ್ ಮಾಡದೆ ಓಡಿಸಿದ ಅಮ್ಮನೂ ಕೂರುತ್ತಾಳೆಂದರೆ, ಕಾರು ರಸ್ತೆಯಲ್ಲಿರುವ ಹೊತ್ತಿನಲ್ಲಿ ಒಂದು ಪಾಲು ನುರಿತ ಕೈಯಲ್ಲಿರುತ್ತದೆ ಎಂದು ಲೆಕ್ಕ. ತರಗತಿಗೆ ಒಬ್ಬ ಜಾಣ ಸೇರಿದರೆ ಸರಾಸರಿ ಅಂಕ ಏರುವ ಹಾಗೆ, ಇಲ್ಲಿ ಸರಾಸರಿ ಅಪಾಯ ಇಳಿದು ಕಂತೂ ಇಳಿಯಬಹುದು. ಇಳಿದೇ ತೀರುತ್ತದೆಂದೇನಿಲ್ಲ. ಆ ಅಮ್ಮನಿಗೆ ವೇಗದ ದಂಡ ಬಿದ್ದಿದ್ದರೆ ಏರಲೂಬಹುದು. (ಅಪ್ಪನಿಗಿಂತ ಅಮ್ಮನ ಹೆಸರು ಅಗ್ಗವೇ ಎಂದು ಕೇಳಬೇಡಿ. ಹೆಣ್ಣು ಗಂಡು ನೋಡಿ ದರ ಕಟ್ಟುವಂತಿಲ್ಲ ಎಂದು ಯುರೋಪಿನ ನ್ಯಾಯಾಲಯ 2011ರಲ್ಲಿ ಹೇಳಿತು. 2012ರ ಡಿಸೆಂಬರ್ 21ರಿಂದ ಅದು ಜಾರಿಗೆ ಬಂತು. ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೂ ಬ್ರಿಟನ್ ಅದನ್ನು ಉಳಿಸಿಕೊಂಡಿದೆ.)

ಈಗ ನಿಮ್ಮ ಹೆಸರಿನ ಮಾತು. ನಿಮಗೆ ಮೂವತ್ತು ವರ್ಷದ ಅನುಭವವೇ ಇರಬಹುದು, ಆಗುಂಬೆ ಘಾಟಿಯನ್ನು ಮಳೆಗಾಲದಲ್ಲಿ ಇಳಿಸಿರಬಹುದು. ಅಲ್ಲಿನ ಕಂಪನಿಗೆ ಅದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಭಾರತದ ಡಿಎಲ್‌ನಲ್ಲಿ ಅಲ್ಲಿ ಹನ್ನೆರಡು ತಿಂಗಳು ಸಣ್ಣ ವಾಹನ ಓಡಿಸಬಹುದು, ಅಷ್ಟೇ. ಕೆಲವು ದೇಶಗಳ ಲೈಸೆನ್ಸನ್ನು ನೇರವಾಗಿ ಬದಲಾಯಿಸಿ ಕೊಡುತ್ತಾರೆ, ಆ ಪಟ್ಟಿಯಲ್ಲಿ ಭಾರತ ಇಲ್ಲ. ಅಲ್ಲಿ ನೆಲೆಸಿದವರು ವರ್ಷ ಕಳೆದ ಮೇಲೆ ಥಿಯರಿ ಪರೀಕ್ಷೆಯಿಂದಲೇ ಶುರು ಮಾಡಬೇಕು, ನಿಮ್ಮ ಮಗಳು ಟೆಸ್ಟ್ ಕೊಟ್ಟದ್ದೂ ಅದಕ್ಕೇ ಇರಬೇಕು. ಹೀಗಾಗಿ ಭಾರತದ ಲೈಸೆನ್ಸ್, ಭಾರತದಲ್ಲೇ ವಾಸ ಎಂದು ನಿಜ ಬರೆದರೆ ಕೆಲವು ಕಂಪನಿಗಳು ದರವನ್ನೇ ಕೊಡುವುದಿಲ್ಲ, ಕೊಟ್ಟರೂ ಕಂತು ಏರುವುದೇ ಹೆಚ್ಚು. ಇಳಿಯಬೇಕಾದರೆ ನೀವು ಲೆಸ್ಟರ್‌ನಲ್ಲಿದ್ದೀರಿ, ಆ ಕಾರನ್ನು ಓಡಿಸುತ್ತೀರಿ ಎಂದು ಬರೆಯಬೇಕು. ಅದು ಸುಳ್ಳು. ತಪ್ಪಿರುವುದು ಅಲ್ಲಿ.

ಇದಕ್ಕಿಂತ ದೊಡ್ಡ ತಪ್ಪು ಅಲ್ಲೇ ನೆಲೆಸಿದ ಮನೆಗಳಲ್ಲಿ ಆಗುತ್ತದೆ, ನಮ್ಮವರೂ ಹೊರತಲ್ಲ. ಮಗ ದಿನಾ ಕಾಲೇಜಿಗೆ ಒಯ್ಯುವ ಕಾರಿಗೆ ಅಪ್ಪನನ್ನು ಮೇನ್ ಡ್ರೈವರ್ ಮಾಡಿ, ಮಗನನ್ನು ನೇಮ್ಡ್ ಡ್ರೈವರ್ ಸಾಲಿಗೆ ತಳ್ಳುವುದು. ಇದಕ್ಕೆ ‘ಫ್ರಂಟಿಂಗ್’ ಅನ್ನುತ್ತಾರೆ. ಇದು ವಂಚನೆ. ಕ್ಲೇಮ್ ಬಂದ ದಿನ ಕಂಪನಿ ವಿಚಾರಿಸುತ್ತದೆ. ಅಪಘಾತ ಆದದ್ದು ಮನೆಯಿಂದ ದೂರದ ಯೂನಿವರ್ಸಿಟಿ ಊರಲ್ಲಿ, ಹೊತ್ತು ರಾತ್ರಿ ಹನ್ನೊಂದು, ಅಪ್ಪನ ಹೆಸರಲ್ಲಿ ಇನ್ನೊಂದು ಕಾರು ಬೇರೆ ಇದೆ ಎಂದಾದರೆ ಮುಚ್ಚಿಡಲು ಏನೂ ಉಳಿಯುವುದಿಲ್ಲ.

ವಿಮೆ ಮಾಡಿಸುವಾಗ ಕೊಟ್ಟ ತಪ್ಪು ಮಾಹಿತಿಗೆ ಅಲ್ಲಿ 2012ರ ಕಾನೂನೊಂದಿದೆ. ಗೊತ್ತಿದ್ದೂ ಸುಳ್ಳು ಹೇಳಿದ್ದರೆ ಕಂಪನಿ ಪಾಲಿಸಿಯನ್ನೇ ಅನೂರ್ಜಿತ ಮಾಡಬಹುದು, ಕ್ಲೇಮ್ ತಿರಸ್ಕರಿಸಬಹುದು, ಕಟ್ಟಿದ ಕಂತನ್ನೂ ಇಟ್ಟುಕೊಳ್ಳಬಹುದು. ಬರೀ ಅಜಾಗರೂಕತೆಯಾಗಿದ್ದರೆ ಲೆಕ್ಕ ಬೇರೆ. 1,500 ಪೌಂಡ್ ಕಟ್ಟಬೇಕಾಗಿದ್ದ ಕಡೆ 1,000 ಕಟ್ಟಿದ್ದರೆ, 3,000 ಪೌಂಡಿನ ಕ್ಲೇಮಿಗೆ 2,000 ಸಿಗುತ್ತದೆ. ಸುಳ್ಳು ಹೇಳಿ ಪಾಲಿಸಿ ರದ್ದಾದ ಸಂಗತಿಯನ್ನು ಮುಂದೆ ಪ್ರತಿ ಕಂಪನಿಯೂ ಕೇಳುತ್ತದೆ, ಕಂತು ಇನ್ನಷ್ಟು ಏರುತ್ತದೆ. ಪಾಲಿಸಿ ರದ್ದಾದ ಮೇಲೂ ಇನ್ಶೂರೆನ್ಸ್ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸಿನ ಮೇಲೆ ಆರು ಪಾಯಿಂಟ್. ಕೋರ್ಟಿಗೆ ಹೋದರೆ ಇನ್ನೂ ಹೆಚ್ಚು. ಟೆಸ್ಟ್ ಪಾಸಾದ ಎರಡು ವರ್ಷದೊಳಗೆ ಆರು ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದು, ಮತ್ತೆ ಎಲ್‌ಎಲ್‌ನಿಂದ ಶುರು. ಈಗಷ್ಟೇ ಪಾಸಾದ ನಿಮ್ಮ ಮಗಳಿಗೆ ಈ ಕೊನೆಯ ಮಾತನ್ನು ಬಿಡಿಸಿ ಹೇಳಿ.

ಕಂತು ಇಳಿಸಲು ಅವಳ ಕೈಯಲ್ಲೇ ಬೇರೆ ದಾರಿಗಳಿವೆ. ಕಾರಿನಲ್ಲಿ ಬ್ಲ್ಯಾಕ್ ಬಾಕ್ಸ್ ಕೂರಿಸಿಕೊಂಡರೆ ವೇಗ, ಬ್ರೇಕು, ಓಡಿಸುವ ಹೊತ್ತು ಎಲ್ಲ ಕಂಪನಿಗೆ ಗೊತ್ತಾಗುತ್ತದೆ, ಹೊಸಬರಿಗೆ ಇದರಿಂದ ಕಡಿಮೆಯಾಗುವುದುಂಟು. ಮಧ್ಯರಾತ್ರಿ ಎಲ್ಲಿಗೆ ಹೋದೆ ಎಂದು ಅಪ್ಪ ಕೇಳದಿದ್ದರೂ ಅದು ಬರೆದಿಟ್ಟುಕೊಳ್ಳುತ್ತದೆ. ತಿಂಗಳ ಕಂತಿಗೆ ಸಾಮಾನ್ಯವಾಗಿ ಬಡ್ಡಿ ಸೇರುವುದರಿಂದ ಒಟ್ಟಿಗೆ ಕಟ್ಟುವುದು ಲೇಸು. ಪಾಲಿಸಿ ಅವಳ ಹೆಸರಲ್ಲೇ ಇದ್ದರೆ ಕ್ಲೇಮ್ ಇಲ್ಲದ ಒಂದೊಂದು ವರ್ಷವೂ ಅವಳ ಖಾತೆಗೆ ರಿಯಾಯಿತಿಯಾಗಿ ಸೇರುತ್ತದೆ.

ಇನ್ನು ನೀವು ಬೇಸಿಗೆಯಲ್ಲಿ ಹೋಗಿ ಒಂದೆರಡು ತಿಂಗಳು ಇರುವ, ಕಾರು ಓಡಿಸುವ ಯೋಚನೆ ಇದ್ದರೆ ಆಗ ಹೆಸರು ಸೇರಿಸುವುದರಲ್ಲಿ ಯಾವ ತಪ್ಪೂ ಇಲ್ಲ, ಸೇರಿಸಲೇಬೇಕು. ಭಾರತದ ಡಿಎಲ್, ಬರುವ ತಾರೀಖು, ಹೋಗುವ ತಾರೀಖು ಎಲ್ಲ ತಿಳಿಸಿ ಕಂಪನಿಯ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಲಿ. ಅವರು ಒಪ್ಪದಿದ್ದರೆ ಕೆಲವು ದಿನಕ್ಕೆ ಮಾತ್ರ ಮಾಡಿಸುವ ಪ್ರತ್ಯೇಕ ಪಾಲಿಸಿಗಳಿವೆ. ಅದನ್ನು ಮಾಡಿಸಿದರೆ ನೀವು ಎಲ್ಲಾದರೂ ತಗುಲಿಸಿದರೂ ಸಾಮಾನ್ಯವಾಗಿ ಮಗಳ ರಿಯಾಯಿತಿಗೆ ಪೆಟ್ಟು ಬೀಳದು. ಹೊರಡುವ ಮುನ್ನ ಡಿಎಲ್ ಹಿಂದೆ ಮುಂದೆ ತಿರುಗಿಸಿ ಅವಧಿ ನೋಡಿಕೊಳ್ಳಿ. 55 ದಾಟಿದ ಮೇಲೆ ನವೀಕರಿಸಿದರೆ ಸಿಗುವುದು ಐದೇ ವರ್ಷ. ಇಲ್ಲಿ ಅವಧಿ ಮುಗಿದ ಡಿಎಲ್ ಅಲ್ಲೂ ನಡೆಯುವುದಿಲ್ಲ. ಮುಗಿಯುತ್ತಾ ಬಂದಿದ್ದರೆ ಡಾಕ್ಟರ ಸರ್ಟಿಫಿಕೇಟ್ ಜೊತೆ ಆರ್‌ಟಿಒ ಕೆಲಸವನ್ನು ಮೊದಲು ಮುಗಿಸಿ, ಟಿಕೆಟ್ ಆಮೇಲೆ.