ಹಿರಿಯರ ಮನಸ್ಸು ಮತ್ತು ಆಪ್ತಸಲಹೆ

ಮಾಟುಂಗ, ಘಾಟ್ಕೋಪರ್, ಮುಲುಂಡ್, ಡೊಂಬಿವಿಲಿಗಳ ಕನ್ನಡಿಗರ ಮನೆಗಳಲ್ಲಿ ಎರಡು ಬಗೆಯ ಹಿರಿಯರನ್ನು ಕಾಣಬಹುದು. ತಾರುಣ್ಯದಲ್ಲಿ ಹೋಟೆಲು, ಗಿರಣಿ, ಕಚೇರಿಗಳಿಗೆ ದುಡಿಯಬಂದು ಇಲ್ಲಿಯೇ ನಿವೃತ್ತರಾದವರು ಒಂದು ಬಗೆ. ಊರಿನಲ್ಲಿ ಬಾಳಸಂಗಾತಿಯನ್ನು ಕಳೆದುಕೊಂಡು ಮಕ್ಕಳ ಬಳಿಗೆ ಬಂದವರು ಇನ್ನೊಂದು. ಮೊದಲಿನವರಿಗೆ ಕೆಲಸ ತಪ್ಪಿದೆ. ಎರಡನೆಯವರಿಗೆ ಅಂಗಳ, ನೆರೆಹೊರೆ, ಮಾತುಕತೆ ಎಲ್ಲವೂ ತಪ್ಪಿವೆ. ಆಪ್ತಸಲಹೆಗಾರರು ಮೊದಲು ಈ ನಷ್ಟವನ್ನು ಅರಿಯಬೇಕು.

ಭಾಷೆ: ಹಿಂದಿ, ಮರಾಠಿ ಬಾರದ ಅಜ್ಜಿಗೆ ಸೊಸೆಯೋ ಮೊಮ್ಮಗನೋ ದುಭಾಷಿಯಾದರೆ ಮನೆಯೊಳಗಿನ ಸಂಕಟ ಹೊರಬರಲಾರದು. ಆದುದರಿಂದ ಸ್ವಲ್ಪ ಹೊತ್ತಾದರೂ ಅವರೊಡನೆ ಏಕಾಂತದಲ್ಲಿ, ಅವರ ನುಡಿಯಲ್ಲಿಯೇ ಮಾತನಾಡಬೇಕು. ಕಿವಿ ಮಂದವಾಗಿದ್ದರೆ ಎದುರು ಕುಳಿತು ನಿಧಾನವಾಗಿ ಕೇಳಬೇಕು. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ (14416) ದೂರವಾಣಿ ಸೇವೆಯ ಭಾಷೆಗಳಲ್ಲಿ ಕನ್ನಡವೂ ಒಂದು.

ರೋಗಲಕ್ಷಣ: ಇಳಿವಯಸ್ಸಿನ ಖಿನ್ನತೆಯು ಅಳುವಾಗಿಯೇ ಬರಬೇಕೆಂದಿಲ್ಲ. ಮೈಕೈ ನೋವು, ನಿದ್ರಾನಾಶ, ಊಟ ಸೇರದಿರುವುದು, ಮರೆವು ಇವುಗಳ ವೇಷದಲ್ಲಿಯೂ ಬರುತ್ತದೆ. 'ವಯಸ್ಸಾಯಿತಲ್ಲ' ಎಂದು ಅದನ್ನು ತಳ್ಳಿಹಾಕುವುದು ಸಲ್ಲದು. ಅದು ಗುಣಪಡಿಸಬಹುದಾದ ಕಾಯಿಲೆ. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆಗಳಿಂದಲೂ ಇಂಥ ಲಕ್ಷಣಗಳು ತೋರುವುದರಿಂದ ವೈದ್ಯಪರೀಕ್ಷೆ ಅವಶ್ಯ. ಒಂದೆರಡು ದಿನಗಳಲ್ಲಿ ಹಠಾತ್ತನೆ ಬುದ್ಧಿ ಗೊಂದಲಗೊಂಡರೆ ಸೋಂಕು, ಔಷಧದ ದುಷ್ಪರಿಣಾಮ ಅಥವಾ ಸೋಡಿಯಂ ಕೊರತೆ ಕಾರಣವಾಗಿರಬಹುದು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. 'ಬದುಕಿ ಏನು ಪ್ರಯೋಜನ' ಎಂಬ ಮಾತು ಕೇಳಿಬಂದರೆ ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ಮೃದುವಾಗಿ, ನೇರವಾಗಿ ವಿಚಾರಿಸಬೇಕು. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಹಣ: ಪಿಂಚಣಿಯ ಪಾಸ್‌ಬುಕ್ಕು ಯಾರ ಕೈಯಲ್ಲಿದೆ, ಮನೆ ಯಾರ ಹೆಸರಿನಲ್ಲಿದೆ ಎಂಬುದೂ ಮನಶ್ಶಾಂತಿಗೆ ಸಂಬಂಧಿಸಿದ ಪ್ರಶ್ನೆಯೇ. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಕುರಿತ 2007ರ ಕಾಯಿದೆಯ ಮೇರೆಗೆ, ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದವರು ಮಕ್ಕಳಿಂದ ಜೀವನಾಂಶ ಕೋರಿ ನ್ಯಾಯಾಧಿಕರಣಕ್ಕೆ ಅರ್ಜಿ ಸಲ್ಲಿಸಬಹುದು. ಆರೈಕೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯ ವರ್ಗಾವಣೆಯನ್ನು, ಆ ಷರತ್ತು ಮುರಿದಾಗ, ಕಲಮು 23ರಂತೆ ರದ್ದುಗೊಳಿಸಲು ಅವಕಾಶವಿದೆ. ಆದುದರಿಂದ ದಾನಪತ್ರದಲ್ಲಿ ಷರತ್ತನ್ನು ಸ್ಪಷ್ಟವಾಗಿ ಬರೆಯಿಸುವುದು ಲೇಸು. ಹಿರಿಯರ ಸಹಾಯವಾಣಿ 14567 ಇಂಥ ವಿಷಯಗಳಲ್ಲಿ ಮಾರ್ಗದರ್ಶನ ನೀಡುತ್ತದೆ.

ಕೊನೆಯದಾಗಿ, ಶುಲ್ಕ ತೆತ್ತವನು ಮಗನೇ ಆಗಿರಲಿ, ಸಲಹೆ ಪಡೆಯುವವರು ಹಿರಿಯರು. ಜೀವಕ್ಕೆ ಅಪಾಯವಿಲ್ಲದಾಗ ಅವರ ಒಪ್ಪಿಗೆಯಿಲ್ಲದೆ ಅವರ ಮಾತನ್ನು ಮನೆಯವರಿಗೆ ತಿಳಿಸಕೂಡದು. ಎಲ್ಲಿರಬೇಕು, ಯಾರೊಡನಿರಬೇಕು ಎಂಬ ನಿರ್ಧಾರವೂ ಸಾಧ್ಯವಾದಷ್ಟು ಅವರದೇ ಆಗಿರತಕ್ಕದ್ದು. ನಗರದ ಕನ್ನಡ ಸಂಘಗಳು ವಾರಕ್ಕೊಂದು ಸಂಜೆಯನ್ನು ಹಿರಿಯರ ಮಾತುಕತೆಗೆ ಮೀಸಲಿಟ್ಟರೆ ಸಲಹೆಗಾರರ ಶ್ರಮಕ್ಕೆ ಅದು ಬಹುದೊಡ್ಡ ನೆರವಾದೀತು.