ಕ್ರೀ ಲಿಪಿಯ 'ಪಿ', ನಮ್ಮ 'ಪಿ'

ಮಕ್ಕಳಿಗೆ ಕನ್ನಡ ಟೈಪ್ ಮಾಡಲು ಹೇಳಿಕೊಡುವಾಗ "ಕಂಪ್ಯೂಟರ್ ಒಳಗೆ ಅಕ್ಷರ ಹೇಗಿರುತ್ತೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೆನಡಾದಲ್ಲಿರುವ ನಮಗೆ ಇದಕ್ಕೆ ಒಳ್ಳೆಯ ಉದಾಹರಣೆ ಇಲ್ಲಿನ ಮೂಲನಿವಾಸಿಗಳಾದ ಕ್ರೀ ಜನರ ಲಿಪಿಯಲ್ಲಿದೆ. ಅದರದೊಂದು ಅಕ್ಷರವನ್ನು ಈ ಸಲದ ಪಾಠಕ್ಕೆ ಆರಿಸಿಕೊಂಡಿದ್ದೇನೆ.

ಕ್ರೀ ಲಿಪಿಯಲ್ಲಿ ನಮ್ಮ ಗುಡಿಸು, ಕೊಂಬುಗಳಿಲ್ಲ. ವ್ಯಂಜನಕ್ಕೊಂದು ಆಕಾರ, ಅದರ ಮುಖ ತಿರುಗಿದರೆ ಸ್ವರ ಬದಲಾಗುತ್ತದೆ. ಎರಡು ಬೆಂಕಿಕಡ್ಡಿಗಳ ತುದಿ ಕೂಡಿಸಿ ಮೂಲೆ ಮಾಡಿ. ಮೂಲೆ ಮೇಲಿದ್ದರೆ 'ಪಿ', ಕೆಳಗಿದ್ದರೆ 'ಪೇ', ಬಲಕ್ಕಿದ್ದರೆ 'ಪೊ', ಎಡಕ್ಕಿದ್ದರೆ 'ಪ'. ಮಕ್ಕಳು ಐದೇ ನಿಮಿಷದಲ್ಲಿ ಕಲಿಯುತ್ತಾರೆ! 1840ರಲ್ಲಿ ನಾರ್ವೆ ಹೌಸ್‌ನಲ್ಲಿ ಪಾದ್ರಿ ಜೇಮ್ಸ್ ಇವಾನ್ಸ್ ಈ ಲಿಪಿಯನ್ನು ಪ್ರಕಟಿಸಿದರು. ಅವರ ಮೇಲೆ ದೇವನಾಗರಿಯ ಪ್ರಭಾವವಿತ್ತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಕ್ರೀ ಹಿರಿಯರ ಕಥೆಗಳಾದರೋ ಲಿಪಿಯನ್ನು ತಂದವನು ತಮ್ಮವನೇ ಆದ ಮಿಸ್ತನಾಕೋವೇವ್ ಎನ್ನುತ್ತವೆ.

ಈಗ ಕಂಪ್ಯೂಟರ್‌ಗೆ ಬರೋಣ. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಕನ್ನಡ 1991ರ ಮೊದಲ ಆವೃತ್ತಿಯಲ್ಲೇ ಇತ್ತು. ಕ್ರೀ ಮುಂತಾದ ಕೆನಡಾದ ಭಾಷೆಗಳ ಲಿಪಿ ಸೇರಿದ್ದು 1999ರಲ್ಲಿ, 3.0 ಆವೃತ್ತಿಯಲ್ಲಿ. ಅಲ್ಲಿಯವರೆಗೆ ಅವರೂ ನಮ್ಮಂತೆಯೇ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ತಮ್ಮ ಚಿತ್ರ ಕೂರಿಸಿದ ಫಾಂಟ್‌ಗಳನ್ನು ಬಳಸುತ್ತಿದ್ದರು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕಡತ ತೆರೆದರೆ ಬರೀ ಕಲಸುಮೇಲೋಗರ. ಹಳೆಯ ಕನ್ನಡ ಕಡತಗಳನ್ನು ತೆರೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಕ್ರೀ 'ಪಿ'ಗೆ ಒಂದೇ ಸಂಖ್ಯೆ: ಹದಿನಾರರ ಎಣಿಕೆಯಲ್ಲಿ 1431. ನಮ್ಮ 'ಪಿ'ಗೆ ಎರಡು: 'ಪ' ಒಂದು, ಗುಡಿಸು ಇನ್ನೊಂದು. ಕನ್ನಡದಲ್ಲಿ 'ಪಿ' ಬರೆದು ಬ್ಯಾಕ್‌ಸ್ಪೇಸ್ ಒತ್ತಿದರೆ ಸಾಮಾನ್ಯವಾಗಿ ಗುಡಿಸು ಮಾತ್ರ ಹೋಗಿ 'ಪ' ಉಳಿಯುತ್ತದೆ. ಕ್ರೀ 'ಪಿ' ಇಡಿಯಾಗಿ ಮಾಯ! 'ತಿರುಗು' ಎಂಬುದಕ್ಕೇ ಒಂದು ಚಿಹ್ನೆ ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆದರೆ ಕೆಲವು ವರ್ಗಗಳಲ್ಲಿ ಅಕ್ಷರ ತಿರುಗುತ್ತದೆ, ಕೆಲವದರಲ್ಲಿ ಕನ್ನಡಿಯಲ್ಲಿ ಕಂಡಂತೆ ಮಗುಚುತ್ತದೆ. ಒಂದೇ ನಿಯಮ ಹೊಂದದು. ಹಾಗಾಗಿ ಬಿಡಿಬಿಡಿಯಾಗಿ ಸಂಖ್ಯೆ ಕೊಟ್ಟದ್ದೇ ಸರಿ ಎಂದು ನನಗನಿಸುತ್ತದೆ.

ತೊಡಕು ಇರುವುದು ಬೇರೆ ಕಡೆ. 'ಪ್ವೇ' ಬರೆಯಲು 'ಪೇ' ಪಕ್ಕ ಒಂದು ಚುಕ್ಕಿ ಇಡಬೇಕು. ಪೂರ್ವದ ಕ್ರೀ ಜನ ಎಡಕ್ಕೆ, ಪಶ್ಚಿಮದವರು ಬಲಕ್ಕೆ ಇಡುತ್ತಾರೆ. ಯೂನಿಕೋಡ್‌ನಲ್ಲಿ ಇವಕ್ಕೆ ಬೇರೆ ಬೇರೆ ಸಂಖ್ಯೆ. ಎರಡೂ ಒಂದೇ ಎನ್ನುವ ನಿಯಮ ಅಲ್ಲಿಲ್ಲ. ಪೂರ್ವದವರು ಬರೆದ ಹೆಸರನ್ನು ಪಶ್ಚಿಮದ ರೀತಿಯಲ್ಲಿ ಹುಡುಕಿದರೆ, ತಂತ್ರಾಂಶಕ್ಕೆ ಬೇರೆಯಾಗಿ ಕಲಿಸದ ಹೊರತು, ಅದು ಸಿಗುವುದಿಲ್ಲ. ನಮ್ಮ 'ಪೊ'ವನ್ನೂ ಎರಡು ಬಗೆಯಲ್ಲಿ ಕೂಡಿಸಬಹುದು. ಆದರೆ ಅವು ಸಮಾನವೆಂದು ಯೂನಿಕೋಡ್ ಹೇಳಿಬಿಟ್ಟಿದೆ. ಊರಿನ, ಅಜ್ಜಿಯ ಹೆಸರು ದಾಖಲೆಯಲ್ಲಿದ್ದೂ ಸಿಗದಿದ್ದರೆ ಇದ್ದೇನು ಬಂತು?

ಮಕ್ಕಳಿಗೆ ಮನೆಗೆಲಸ: 'ಕೃಷ್ಣ' ಎಂಬ ಹೆಸರಿನಲ್ಲಿ ಎಷ್ಟು ಯೂನಿಕೋಡ್ ಸಂಖ್ಯೆಗಳಿವೆ? ಕಾಣುವ ಅಕ್ಷರ ಎರಡೇ. ಉತ್ತರ ಐದು: ಕ, ವಟ್ರಸುಳಿ, ಷ, ಅರ್ಧಾಕ್ಷರದ ಚಿಹ್ನೆ, ಣ. ಇನ್ನು ನಿಮ್ಮ ನಿಮ್ಮ ಹೆಸರು ಎಣಿಸಿ.